ನೆರೆ ಇಳಿಯಿತು, ಈಗ ಏನು ಮಾಡಬೇಕು?

ನೀರು ಇಳಿದ ದಿನ ಎಲ್ಲರೂ ಮೊದಲು ಪೊರಕೆ ಹಿಡಿಯುತ್ತಾರೆ. ಒಂದು ಗಳಿಗೆ ತಡೆಯಿರಿ. ಗೋಡೆ ಮೇಲೆ ನೀರು ನಿಂತ ಕೆಸರಿನ ಗೆರೆ ಇದೆಯಲ್ಲ, ಅದೇ ನಿಮ್ಮ ಸಾಕ್ಷಿ. ತೊಳೆಯುವ ಮೊದಲು ಫೋಟೊ ತೆಗೆಯಿರಿ: ನಾಲ್ಕೂ ಗೋಡೆ, ಚಾವಣಿ, ಕೊಟ್ಟಿಗೆ. ತಾರೀಖು, ಜಾಗ ಎರಡೂ ಫೋಟೊದಲ್ಲೇ ಬಂದರೆ ಒಳ್ಳೆಯದು. ದನ ಸತ್ತಿದ್ದರೆ ಹೂಳುವ ಮೊದಲು ಪಶುವೈದ್ಯರಿಗೆ ತೋರಿಸಿ.

ಆಮೇಲೆ ಎಷ್ಟು ಹಾಳಾಗಿದೆ ಎಂದು ನೋಡಲು ಅಧಿಕಾರಿಗಳು ಸಮೀಕ್ಷೆಗೆ ಬರುತ್ತಾರೆ. 2019ರ ನೆರೆಯಲ್ಲಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದರು. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಹಾಳಾಗಿದ್ದರೆ ಎ, ಅದಕ್ಕೆ 5 ಲಕ್ಷ ರೂಪಾಯಿ ಪರಿಹಾರ. ಸಿ ಆದರೆ 50 ಸಾವಿರ. ಒಂದು ಅಕ್ಷರಕ್ಕೆ ಇಷ್ಟು ಬೆಲೆ!

ಮಣ್ಣಿನ ಮನೆಯವರಿಗೆ ಪೆಟ್ಟು ಬೀಳುವುದು ಇಲ್ಲೇ. ನೆನೆದ ಗೋಡೆ ಸಮೀಕ್ಷೆಯ ದಿನ ನೆಟ್ಟಗೆ ನಿಂತಿರುತ್ತದೆ. ವಾರ ಕಳೆದು ಬಿಸಿಲು ಬಿದ್ದಾಗ ಬುಡದಲ್ಲಿ ಬಿರುಕು ಬಿಡುತ್ತದೆ, ಒಂದು ರಾತ್ರಿ ಧೊಪ್ಪನೆ ಕುಸಿಯುತ್ತದೆ. ಆಗ ಸುಮ್ನೆ ಕೂರಬೇಡಿ. ಹೊಸ ಫೋಟೊ ಇಟ್ಟು, ಮರುಸಮೀಕ್ಷೆ ಮಾಡಿ ಎಂದು ತಹಶೀಲ್ದಾರರಿಗೆ ಅರ್ಜಿ ಕೊಡಿ, ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಬಾಡಿಗೆಯವರು, ಕಾಗದಪತ್ರ ಇಲ್ಲದವರು ಬಿಟ್ಟುಹೋಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಊರನ್ನೇ ಎತ್ತರದ ಜಾಗಕ್ಕೆ ಸಾಗಿಸುತ್ತೇವೆ ಎಂದರೆ? ನನ್ನ ಪ್ರಕಾರ ಜಾಸ್ತಿ ಹೊತ್ತು ಕೂತು ಮಾತಾಡಬೇಕಾದ್ದು ಇದರ ಬಗ್ಗೆಯೇ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಹೊಸ ಜಾಗದಲ್ಲಿ ಮನೆಗಳನ್ನು ಕಟ್ಟಿದರು. ಎಷ್ಟೋ ಮನೆಗಳಿಗೆ ಜನ ಹೋಗಲೇ ಇಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ. ಬಣವೆ ಎಲ್ಲಿ ಒಟ್ಟೋದು, ಅಲ್ವಾ?

ಹಾಗಾಗಿ ಜಾಗ ತೋರಿಸಿದಾಗ ಜೀಪಿನಲ್ಲಿ ಹೋಗಿ ಬರಬೇಡಿ. ಅಲ್ಲಿಂದ ನಿಮ್ಮ ಹೊಲಕ್ಕೆ ಎತ್ತು ಹೊಡೆದುಕೊಂಡು ನಡೆದು ನೋಡಿ. ಕುಡಿಯುವ ನೀರು, ಬಸ್ಸು, ಶಾಲೆ, ಸ್ಮಶಾನ ಎಲ್ಲವನ್ನೂ ವಿಚಾರಿಸಿ. ಹೆಂಗಸರನ್ನು ಕರೆದುಕೊಂಡು ಹೋಗಿ, ನೀರಿನ ದೂರ ಅವರಿಗೆ ಗೊತ್ತು. ಬೇಕಾದ್ದನ್ನೆಲ್ಲ ಗ್ರಾಮಸಭೆ ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ ಕಳಿಸಿ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು.

ಹಳೆಯ ಜಾಗದಲ್ಲೇ ಕಟ್ಟುವವರು ಒಂದು ವಿಷಯ ನೆನಪಿಡಿ. ದುಡ್ಡು ಒಟ್ಟಿಗೆ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ತಳಪಾಯದ ಫೋಟೊ ಅಪ್‌ಲೋಡ್ ಆಗದೆ ಮುಂದಿನ ಕಂತು ಬಿಡುಗಡೆಯಾಗದು. ಗೌಂಡಿಗೆ ಅಡ್ವಾನ್ಸ್ ಕೊಡುವ ಮೊದಲೇ ಈ ಲೆಕ್ಕ ಹೇಳಿಬಿಡಿ.