ಬ್ರೆಜಿಲ್‌ನಿಂದ ತರಿಸಿದ ಪಲ್ಪರ್ ಭಾಗ ಕೆಟ್ಟಿದ್ದರೆ ಪೋರ್ಚುಗೀಸಿನಲ್ಲಿ ದೂರು ಕೊಡುವುದು

ಕೊಡಗಿನಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರುವಾಗುವ ಮೊದಲೇ ಪೆಟ್ಟಿಗೆ ಬಿಚ್ಚಿ ನೋಡಿ. ದೋಷ ಕಂಡರೆ ಭಾಗವನ್ನು ಪಲ್ಪರಿಗೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಜೋಡಿಸಬೇಡಿ. ಜೋಡಿಸಿದರೆ ಕೆಡಿಸಿದ್ದು ಯಾರು ಎಂಬ ವಾದ ಹುಟ್ಟುತ್ತದೆ. ಬಿರುಕಿನ ಫೋಟೊ, ಬಿಲ್ಲು, ಆರ್ಡರ್ ಸಂಖ್ಯೆ ಕೈಯಲ್ಲಿರಲಿ.

ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಬೆಳಿಗ್ಗೆ 9 ಆದಾಗ ನಮ್ಮಲ್ಲಿ ಸಂಜೆ 5.30, ಆಮೇಲೆಯೇ ಮಾರಿದವರಿಗೆ ಫೋನ್ ಮಾಡಿ. ‘ಬೋಂ ಜಿಯ’ ಎಂದು ನಮಸ್ಕರಿಸದೆ ವಿಷಯಕ್ಕಿಳಿಯಬೇಡಿ. ಗಂಡಸರಿಗೆ ‘ಉ ಸೆನ್ಯೋರ್’, ಹೆಂಗಸರಿಗೆ ‘ಅ ಸೆನ್ಯೋರ’ ಎನ್ನಿ. ನಮ್ಮ ‘ತಾವು’ ಇದ್ದ ಹಾಗೆ.

ನಾವು ಎಡವುವುದು ‘ಕೇರು’ ಎಂಬಲ್ಲಿ. ‘ನನಗೆ ಬೇಕು’ ಎಂಬ ಆ ಮಾತು ದೂರಿನಲ್ಲಿ ಗದರಿದಂತೆ ಕೇಳುತ್ತದೆ. ಬದಲಿಗೆ ‘ಗೋಸ್ತರೀಯ ಜಿ’ ಬಳಸಿ, ಅದು ‘ಬಯಸುತ್ತೇನೆ’ ಎಂಬ ವಿನಯದ ಮಾತು. ತಪ್ಪನ್ನು ಮನುಷ್ಯನ ಮೇಲೆ ಹೊರಿಸದೆ ವಸ್ತುವಿನ ಮೇಲಿಡಿ: ‘ಅ ಪೆಸ ಶೆಗೋ ಕೋಂ ದೆಫೇಯ್ತು’, ಅಂದರೆ ಭಾಗ ದೋಷದೊಂದಿಗೆ ಬಂದಿದೆ. ನಂತರ ಕೋರಿಕೆ: ‘ಪೊದೆರೀಯಾಂ ಎನ್ವಿಯಾರ್ ಓತ್ರ, ಪೋರ್ ಫವೋರ್?’ ಬೇರೊಂದು ಕಳಿಸಬಹುದೇ ಎಂದು.

ಅದೇ ದಿನ ಇಮೇಲಿನಲ್ಲೂ ಬರೆಯಿರಿ. ಬಾಯಿಮಾತಿಗೆ ದಾಖಲೆಯಿಲ್ಲ. ಕೊನೆಗೆ ‘ಅಗ್ವಾರ್ದು ಹೆತೋರ್ನು’, ಉತ್ತರಕ್ಕೆ ಕಾಯುತ್ತೇನೆ. ಅದರ ಕೆಳಗೆ ‘ಅತೆನ್ಸಿಯೋಜಮೆಂಚಿ’ (ನಮ್ಮ ‘ಇತಿ, ಗೌರವಪೂರ್ವಕವಾಗಿ’ ಇದ್ದ ಹಾಗೆ) ಮತ್ತು ನಿಮ್ಮ ಹೆಸರು.