ಹತ್ತು ಗಿಗಾಬಿಟ್ ಕಾರ್ಡ್: ಡ್ರೈವರ್ ಹುಡುಕುವ ಮುನ್ನ

ಮದುವೆ ಸೀಸನ್‌ನಲ್ಲಿ ದಾವಣಗೆರೆಯ ಯಾವುದೇ ವಿಡಿಯೊ ಸ್ಟುಡಿಯೊಗೆ ಹೋದರೂ ಒಂದು ಕಂಪ್ಯೂಟರ್ ಕಾಪಿ ಮಾಡುತ್ತಾ ಕೂತಿರುತ್ತದೆ, ಎಡಿಟರ್ ಅದು ಮುಗಿಯಲೆಂದು ಕಾಯುತ್ತಿರುತ್ತಾನೆ. ಆರತಕ್ಷತೆಯಿಂದ ಧಾರೆಯವರೆಗಿನ ಫೋರ್‌ಕೆ ದೃಶ್ಯ 400 ಜಿಬಿ ಇದೆ ಎಂದುಕೊಳ್ಳಿ. ಒಂದು ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಕೈಗೆ ಸಿಗುವುದು ಸೆಕೆಂಡಿಗೆ ಸುಮಾರು 110 ಎಂಬಿ. ಅಂದರೆ ಸರ್ವರ್‌ಗೆ ಸಾಗಿಸಲು ಒಂದು ಗಂಟೆ. ಹತ್ತು ಗಿಗಾಬಿಟ್‌ನಲ್ಲಿ, ಡಿಸ್ಕ್ ಸಾಥ್ ಕೊಟ್ಟರೆ, ಆರೇಳು ನಿಮಿಷ.

ಹಳೆಯ ಸರ್ವರ್‌ಗಳಿಂದ ಬಿಚ್ಚಿದ ಇಂಟೆಲ್, ಮೆಲನಾಕ್ಸ್ ಕಂಪನಿಗಳ ಹತ್ತು ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್‌ಗಳನ್ನು ತಂದು ಫ್ರೀಬಿಎಸ್‌ಡಿ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಸರ್ವರ್‌ಗೆ ಹಾಕಿಕೊಳ್ಳುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಡ್ರೈವರ್ ಎಲ್ಲಿ ಸಿಗುತ್ತೆ ಸಾರ್?’ ಬಹುಪಾಲು ಕಾರ್ಡ್‌ಗಳ ಡ್ರೈವರ್ ಸಿಸ್ಟಂ ಜೊತೆಗೇ ಬಂದಿರುತ್ತದೆ. ಅದನ್ನು ಬಿಟ್ಟು ಬೇರೆ ಕಡೆಯಿಂದ ಸೋರ್ಸ್ ಇಳಿಸಿ ಕಂಪೈಲ್ ಮಾಡಿದರೆ, ಮುಂದಿನ ಅಪ್‌ಗ್ರೇಡ್‌ನಲ್ಲಿ ಕರ್ನಲ್ (ಸಿಸ್ಟಂನ ತಿರುಳು) ಬದಲಾದಾಗ ಅದು ಕೈಕೊಡುವ ಸಂಭವ ಹೆಚ್ಚು. ಸಿಸ್ಟಂನದೇ ಡ್ರೈವರ್ ಕೆಲಸ ಮಾಡುತ್ತಿದ್ದರೆ ಅದನ್ನೇ ಉಳಿಸಿಕೊಳ್ಳಿ. ಸಮಯ ಕೊಡಬೇಕಾದದ್ದು ಕಾರ್ಡ್ ಯಾವುದು, ಯಾವ ಸ್ಲಾಟ್‌ನಲ್ಲಿದೆ, ಕೇಬಲ್ ಎಂಥದು ಎಂದು ನೋಡುವುದಕ್ಕೆ.

ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿರುವ ಕಮಾಂಡ್‌ಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ರೂಟ್ ಆಗಿ ಲಾಗಿನ್ ಆಗಿ ಟೈಪ್ ಮಾಡಿ.

ಕಾರ್ಡ್ ಗುರುತಿಸಿ

‘ಪಿಸಿಐಕಾನ್ಫ್ -ಎಲ್‌ವಿಸಿ’ ಕೊಡಿ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಈಥರ್ನೆಟ್ ಎಂದಿರುವ ಭಾಗದ ಮೊದಲ ಪದ ನೋಡಿ. ‘ಐಎಕ್ಸ್0’ ಎಂದಿದ್ದರೆ ಇಂಟೆಲ್‌ನ 82599 ಅಥವಾ ಎಕ್ಸ್540 ಬಳಗದ ಕಾರ್ಡ್‌ಗೆ ಡ್ರೈವರ್ ಆಗಲೇ ಕೂತಿದೆ ಎಂದರ್ಥ. ‘ಐಎಕ್ಸ್‌ಎಲ್0’ ಇದ್ದರೆ ಎಕ್ಸ್‌ಎಲ್710 ಬಳಗ. ‘ನನ್0’ (ಇಂಗ್ಲಿಷ್‌ನಲ್ಲಿ ‘ಯಾವುದೂ ಇಲ್ಲ’ ಎಂಬ ಪದ) ಎಂದು ಶುರುವಾದರೆ ಕಾರ್ಡ್ ಕಂಡಿದೆ, ಡ್ರೈವರ್ ಮಾತ್ರ ಹತ್ತಿಲ್ಲ.

ಅದೇ ಭಾಗದಲ್ಲಿ ಇನ್ನೂ ಕೆಳಗೆ ‘ಲಿಂಕ್ ಎಕ್ಸ್4(ಎಕ್ಸ್8)’ ಎಂಬಂಥ ಸಾಲು ಇರುತ್ತದೆ. ತುಂಬಾ ಜನ ಇದನ್ನು ಓದುವುದೇ ಇಲ್ಲ, ಆದರೆ ಅರ್ಧ ಸಮಸ್ಯೆಗಳ ಉತ್ತರ ಇಲ್ಲೇ ಇರುತ್ತದೆ. ಕಾರ್ಡ್‌ಗೆ ಎಂಟು ಲೇನ್ (ಸ್ಲಾಟ್‌ನಲ್ಲಿ ಡೇಟಾ ಓಡಾಡುವ ದಾರಿ) ಬಳಸುವ ಸಾಮರ್ಥ್ಯವಿದೆ, ಸದ್ಯ ಸಿಕ್ಕಿರುವುದು ನಾಲ್ಕು ಎಂದು ಅದು ಹೇಳುತ್ತಿದೆ. 82599 ಕಾರ್ಡ್ ಪಿಸಿಐಇ (ಕಾರ್ಡ್ ಸ್ಲಾಟ್‌ಗಳ ಮಾನದಂಡ) ಎರಡನೇ ತಲೆಮಾರಿನದು, ಒಂದು ಲೇನ್‌ಗೆ ಸುಮಾರು 4 ಗಿಗಾಬಿಟ್. ನಾಲ್ಕು ಲೇನ್ ಇದ್ದರೆ 16, ಒಂದು ಪೋರ್ಟ್‌ಗೆ ಧಾರಾಳ. ಅದೇ ‘ಎಕ್ಸ್1’ ಎಂದಿದ್ದರೆ ಯಾವ ಡ್ರೈವರ್ ಹಾಕಿದರೂ 4 ಗಿಗಾಬಿಟ್ ದಾಟುವುದಿಲ್ಲ. ಉದ್ದನೆಯ ಸ್ಲಾಟ್ ಕಂಡ ಮಾತ್ರಕ್ಕೆ ನಂಬಬೇಡಿ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಉದ್ದನೆಯ ಎರಡನೇ ಸ್ಲಾಟ್‌ಗೂ ಒಳಗೆ ಒಂದೋ ನಾಲ್ಕೋ ಲೇನ್ ಮಾತ್ರ ಕೊಟ್ಟಿರುತ್ತಾರೆ.

ಡ್ರೈವರ್ ಹತ್ತಿಸಿ

ಇಂಟೆಲ್ ಕಾರ್ಡ್ ಆದರೆ ಈ ಹಂತವೇ ಬೇಡ, ಆ ಡ್ರೈವರ್ ಜೆನೆರಿಕ್ ಕರ್ನಲ್‌ನಲ್ಲೇ ಇದೆ. ಮೆಲನಾಕ್ಸ್ ಕನೆಕ್ಟ್‌ಎಕ್ಸ್-3 ಆದರೆ ‘ಕೆಎಲ್‌ಡಿಲೋಡ್ ಎಂಎಲ್‌ಎಕ್ಸ್4ಇಎನ್’ ಕೊಡಿ, ‘ಕೆಎಲ್‌ಡಿಸ್ಟಾಟ್’ನಲ್ಲಿ ಹೆಸರು ಬಂದಿದೆಯೇ ನೋಡಿ. ರೀಬೂಟ್ ಆದ ಮೇಲೂ ಇರಬೇಕಾದರೆ ಆರ್‌ಸಿ.ಕಾನ್ಫ್ ಕಡತದ ‘ಕೆಎಲ್‌ಡಿ_ಲಿಸ್ಟ್’ ಸಾಲಿಗೆ ಅದೇ ಹೆಸರು ಸೇರಿಸಿ.

ಕೇಬಲ್

ಎಸ್‌ಎಫ್‌ಪಿ ಪ್ಲಸ್ ಪೋರ್ಟ್ (ಮಾಡ್ಯೂಲ್ ಅಥವಾ ಕೇಬಲ್ ಚುಚ್ಚುವ ಚೌಕದ ಕಿಂಡಿ) ಇರುವ ಇಂಟೆಲ್ ಕಾರ್ಡ್‌ಗೆ ಬೇರೆ ಕಂಪನಿಯ ಮಾಡ್ಯೂಲ್ ಚುಚ್ಚಿದಾಗ, ಕರ್ನಲ್ ಸಂದೇಶ ತೋರಿಸುವ ‘ಡಿಮೆಸ್ಗ್’ನಲ್ಲಿ ಅನ್‌ಸಪೋರ್ಟೆಡ್ ಎಂಬ ದೂರು ಬಂದರೆ, ಲೋಡರ್.ಕಾನ್ಫ್ ಕಡತದಲ್ಲಿ ‘ಎಚ್‌ಡಬ್ಲ್ಯು.ಐಎಕ್ಸ್.ಅನ್‌ಸಪೋರ್ಟೆಡ್_ಎಸ್‌ಎಫ್‌ಪಿ=1’ ಎಂದು ಬರೆದು ರೀಬೂಟ್ ಮಾಡಿ. ಒಂದೇ ಕೋಣೆಯ ಎರಡು ಯಂತ್ರಗಳಿಗೆ ಎರಡೂ ತುದಿಗೆ ಮಾಡ್ಯೂಲ್ ಅಂಟಿಯೇ ಬರುವ ತಾಮ್ರದ ಡ್ಯಾಕ್ ಕೇಬಲ್ ಸಾಕು. ಸ್ವಿಚ್ ಕೊಳ್ಳುವ ಖರ್ಚೂ ಇಲ್ಲ, ನೇರವಾಗಿ ಜೋಡಿಸಿ. ಆರ್‌ಜೆ45 ಪೋರ್ಟ್‌ನ ಎಕ್ಸ್540 ಇದ್ದರೆ ಕ್ಯಾಟ್6 ಕೇಬಲ್ 55 ಮೀಟರ್‌ವರೆಗೆ ಎಳೆಯುತ್ತದೆ, 100 ಮೀಟರ್‌ಗೆ ಕ್ಯಾಟ್6ಎ ಬೇಕು.

ಎಕ್ಸ್540 ಚೆನ್ನಾಗಿ ಬಿಸಿಯಾಗುವ ಕಾರ್ಡ್. ಸರ್ವರ್‌ನ ಜೋರು ಗಾಳಿಯನ್ನು ನಂಬಿ ಮಾಡಿದ್ದು ಅದು. ನಮ್ಮೂರಿನ ಏಪ್ರಿಲ್ ಸೆಕೆಯಲ್ಲಿ, ಎಸಿ ಇಲ್ಲದ ಕೋಣೆಯ ಸಾಮಾನ್ಯ ಕ್ಯಾಬಿನೆಟ್‌ನಲ್ಲಿ ಹಾಕುವುದಾದರೆ ಅದರ ಹೀಟ್‌ಸಿಂಕ್ ಮೇಲೆ ಗಾಳಿ ಬೀಳುವಂತೆ ಚಿಕ್ಕ ಫ್ಯಾನ್ ಇಡಲೇಬೇಕು. ಧೂಳು ತೆಗೆಯುವುದನ್ನೂ ಮರೆಯಬೇಡಿ.

ವಿಳಾಸ ಕೊಡಿ

ಇಂಟರ್ನೆಟ್‌ಗೆ ಹಳೆಯ ಗಿಗಾಬಿಟ್ ಪೋರ್ಟ್ ಹಾಗೇ ಇರಲಿ. ಹೊಸ ಕಾರ್ಡ್‌ಗೆ ಬೇರೆಯದೇ ಸಬ್‌ನೆಟ್ (ವಿಳಾಸಗಳ ಗುಂಪು) ಕೊಡಿ, ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ಹೋಗುವ ದಾರಿ) ಕೊಡಬೇಡಿ. ನಿಮ್ಮ ಕಾರ್ಡ್‌ನ ಹೆಸರು ಬೇರೆಯಿದ್ದರೆ ಮುಂದೆ ಐಎಕ್ಸ್0 ಬದಲು ಅದನ್ನೇ ಬರೆಯಿರಿ. ಆರ್‌ಸಿ.ಕಾನ್ಫ್‌ನಲ್ಲಿ ಸಾಲು ಹೀಗಿರಲಿ: ಇಫ್‌ಕಾನ್ಫಿಗ್_ಐಎಕ್ಸ್0="ಐನೆಟ್ 10.10.10.1/24 ಎಂಟಿಯು 9000". ಎಡಿಟಿಂಗ್ ಯಂತ್ರಕ್ಕೆ 10.10.10.2. ಆಮೇಲೆ ‘ಸರ್ವಿಸ್ ನೆಟಿಫ್ ರೀಸ್ಟಾರ್ಟ್ ಐಎಕ್ಸ್0’. ‘ಇಫ್‌ಕಾನ್ಫಿಗ್ ಐಎಕ್ಸ್0’ ಕೊಟ್ಟರೆ ಸ್ಟೇಟಸ್ ಆಕ್ಟಿವ್ ಎಂದೂ, ಮೀಡಿಯಾ ಸಾಲಿನಲ್ಲಿ 10ಜಿ ಎಂದೂ ಕಾಣಬೇಕು.

ಎಂಟಿಯು ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ. ಎಂಟಿಯು 9000 ಎರಡೂ ತುದಿಯಲ್ಲಿ ಇರಬೇಕು, ನಡುವೆ ಸ್ವಿಚ್ ಇದ್ದರೆ ಅದರಲ್ಲೂ. ಒಂದು ಕಡೆ ತಪ್ಪಿದರೂ ಸಣ್ಣ ಪಿಂಗ್ ಸರಾಗವಾಗಿ ಹೋಗುತ್ತದೆ, ದೊಡ್ಡ ಫೈಲ್ ಮಾತ್ರ ನಿಂತುಬಿಡಬಹುದು. ಪರೀಕ್ಷೆಗೆ ‘ಪಿಂಗ್ -ಡಿ -ಎಸ್ 8972 10.10.10.2’ ಕೊಡಿ, ಇದರಲ್ಲಿ ‘ಡಿ’ ದೊಡ್ಡಕ್ಷರ. 9000ದಲ್ಲಿ ಹೆಡರ್‌ಗಳ 28 ಬೈಟ್ ಕಳೆದರೆ ಈ ಸಂಖ್ಯೆ. ಉತ್ತರ ಬರದಿದ್ದರೆ 1500ಕ್ಕೆ ಇಳಿಸಿ ಮುಂದುವರಿಯಿರಿ. 1500ರಲ್ಲೂ 9.4 ಗಿಗಾಬಿಟ್ ಸಿಗುತ್ತದೆ, ಹಟಕ್ಕೆ ಬೀಳುವ ಅಗತ್ಯವಿಲ್ಲ.

ವೇಗ ಅಳೆಯಿರಿ

ಫೈಲ್ ಕಾಪಿ ಮಾಡಿ ನೆಟ್‌ವರ್ಕ್ ಅಳೆಯಬೇಡಿ, ಅದರಲ್ಲಿ ಡಿಸ್ಕಿನ ವೇಗವೂ ಬೆರೆತಿರುತ್ತದೆ. ಎರಡೂ ಕಡೆ ಐಪರ್ಫ್3 ಎಂಬ ವೇಗ ಅಳೆಯುವ ಪ್ರೋಗ್ರಾಂ ಹಾಕಿ. ಸರ್ವರ್‌ನಲ್ಲಿ ‘ಐಪರ್ಫ್3 -ಎಸ್’, ಎಡಿಟಿಂಗ್ ಯಂತ್ರದಲ್ಲಿ ‘ಐಪರ್ಫ್3 -ಸಿ 10.10.10.1’. ಕೊನೆಗೆ ದೊಡ್ಡಕ್ಷರದ ‘-ಆರ್’ ಸೇರಿಸಿದರೆ ಹಿಮ್ಮುಖದ ವೇಗವೂ ಗೊತ್ತಾಗುತ್ತದೆ. 9ಕ್ಕಿಂತ ಹೆಚ್ಚು ಬಂದರೆ ಡ್ರೈವರ್, ಸ್ಲಾಟ್, ಕೇಬಲ್ ಎಲ್ಲ ಸರಿಯಿದೆ. 3–4ರಲ್ಲಿ ನಿಂತರೆ ಮೇಲೆ ಹೇಳಿದ ಲೇನ್ ಸಾಲಿಗೆ ಹೋಗಿ. ‘ನೆಟ್‌ಸ್ಟಾಟ್ -ಐ’ ಪಟ್ಟಿಯ ದೋಷದ ಕಾಲಂನಲ್ಲಿ ಸಂಖ್ಯೆ ಏರುತ್ತಲೇ ಇದ್ದರೆ ಮೊದಲು ಕೇಬಲ್ ಬದಲಿಸಿ.

ಐಪರ್ಫ್ ಚೆನ್ನಾಗಿದ್ದೂ ಕಾಪಿ ನಿಧಾನವಾದರೆ ಎರಡು ಕಾರಣ ನೋಡಿ. ಒಂದು, ಶೇರ್ ತೆರೆಯುವಾಗ ಸರ್ವರ್ ಹೆಸರು ಕೊಟ್ಟಿರುತ್ತೀರಿ, ಅದು ಹಳೆಯ ಗಿಗಾಬಿಟ್ ದಾರಿಯಲ್ಲೇ ಹೋಗುತ್ತಿರಬಹುದು. ಹೆಸರಿನ ಬದಲು 10.10.10.1 ಎಂದೇ ಕೊಟ್ಟು ತೆರೆಯಿರಿ. ಇನ್ನೊಂದು, ಒಂಟಿ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 150ರಿಂದ 250 ಎಂಬಿ ದಾಟುವುದು ಕಷ್ಟ, ಸಾಟಾ ಎಸ್‌ಎಸ್‌ಡಿ 550ರ ಆಸುಪಾಸು. ಕೈಯಲ್ಲಿ ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಇದ್ದರೆ ದೃಶ್ಯವನ್ನು ಮೊದಲು ಅದಕ್ಕೆ ಇಳಿಸಿ ಎಡಿಟಿಂಗ್ ಶುರು ಮಾಡಿ, ಹಾರ್ಡ್‌ಡಿಸ್ಕ್‌ಗೆ ರಾತ್ರಿ ಸಾಗಿಸಿದರಾಯಿತು.