ಕೋಲಾರದ ಬೋರ್ ನೀರು, ಬಾತ್‌ರೂಮಿನ ಬಿಳಿ ಕಲೆ: ನನ್ನ ಅನುಭವ

ನಾನು ಆಸಿಡ್ ಕ್ಯಾನ್ ಮುಟ್ಟಿ 3 ವರ್ಷ ಆಯ್ತು. ಬಂಗಾರಪೇಟೆ ರಸ್ತೆಯ ಒಂದು ಕಲ್ಯಾಣ ಮಂಟಪದ 22 ಬಾತ್‌ರೂಮಿನ ಕ್ಲೀನಿಂಗ್ ಈಗಲೂ ನನ್ನ ಕೈಲೇ ಇದೆ. "ನಿಂಬೆಹುಳಿ ಪುಡಿಗೆ ಬೋರ್ ಕಲೆ ಹೋಗುತ್ತೇನಪ್ಪಾ" ಅಂತ ನಕ್ಕಿದ್ದ ಇಬ್ಬರು ಕಂಟ್ರಾಕ್ಟರುಗಳು ಹೋದ ಯುಗಾದಿ ಹೊತ್ತಿಗೆ ಫೋನ್ ಮಾಡಿ ಅಳತೆ ಕೇಳಿದರು. ಅರ್ಧ ಹೇಳಿದೆ.

ನಮ್ಮ ನೀರಿನ ಕಥೆ ನಿಮಗೆ ಗೊತ್ತು. ಆ ಮಂಟಪದ ಬೋರ್‌ಗೆ ಮೀಟರ್ ಅದ್ದಿದರೆ ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಉಪ್ಪಿನಂಶ, 1,100ರ ಆಸುಪಾಸು. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಬಿಡೋದು) ಕೆರೆಗಳಿಗೆ ಬರ್ತಾ ಬೋರ್‌ಗಳಲ್ಲಿ ನೀರೇನೋ ಮೇಲೆ ಬಂತು, ಆದರೆ ನನ್ನ ಟೈಲ್ಸ್ ಮೇಲಿನ ಗಡಸು ಇಳೀಲಿಲ್ಲ. ಸೋಪಿನ ಪುಡಿ ಹಾಕಿ ಒರೆಸಿದಷ್ಟೂ ಬಿಳಿ ಪೊರೆ. ಓನರ್ ಕಣ್ಣಿಗೆ ಅದು ಕೊಳೆ. ದಿನಾ ಬಕೆಟ್‌ನಲ್ಲಿ ತಂದು ಬಳಿದವರು ನಾವೇ.

ಆಸಿಡ್ ಸುರಿದರೆ 2 ನಿಮಿಷಕ್ಕೆ ಹೊಳಪು, ಕೆಲವು ತಿಂಗಳಿಗೆ ಸಂದಿಯ ಸಿಮೆಂಟ್ ಖಾಲಿ, ನಲ್ಲಿಯೆಲ್ಲ ಕಪ್ಪು. ಅದನ್ನೂ ತಡ್ಕೊಂಡಿದ್ದೆ. ಒಂದು ದಿನ ಆಸಿಡ್ ಇನ್ನೂ ನಿಂತಿದ್ದ ನೆಲಕ್ಕೆ ನಮ್ಮ ಹೆಂಗಸೊಬ್ಬರು ಬ್ಲೀಚಿಂಗ್ ಪೌಡರ್ ಎರಚಿದರು. ಕ್ಲೋರಿನ್ ಎದ್ದು ಇಬ್ಬರಿಗೆ ಉಸಿರು ಕಟ್ಟಿತು. ಒಂದು ರಾತ್ರಿ ಆಕ್ಸಿಜನ್, ಬಿಲ್ಲು ಸುಮಾರು 14 ಸಾವಿರ. ಅವತ್ತೇ ಆಸಿಡ್ ಬಿಟ್ಟೆ. ಪರಿಸರ ಪ್ರೇಮ ಏನಲ್ಲ, ಭಯ.

ಸಿಟ್ರಿಕ್, ಅದೇ ನಿಂಬೆಹುಳಿ ಪುಡಿ, ಹಿಡಿದ ಮೊದಲ 4 ತಿಂಗಳು ನಗೆಪಾಟಲು. ಲೀಟರಿಗೆ 30 ಗ್ರಾಂ ಹಾಕ್ತಿದ್ದೆ, ಏನೂ ಆಗ್ತಿರಲಿಲ್ಲ. ಈಗ 90-100 ಗ್ರಾಂ, ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯೋ ಲಿಕ್ವಿಡ್. ಅಳತೆಗಿಂತ ದೊಡ್ಡ ವಿಷಯ, ಹಚ್ಚಿದ್ದು ಒಣಗಬಾರದು. ಏಪ್ರಿಲ್ ಬಿಸಿಲಲ್ಲಿ 5 ನಿಮಿಷಕ್ಕೆ ಒಣಗಿ ಹೋಗ್ತಿತ್ತು. ಒದ್ದೆ ನ್ಯೂಸ್‌ಪೇಪರ್ ಅಂಟಿಸಿ ನೋಡಿದೆ, ಇಂಕು ಸಂದಿಗಿಳಿದು ಓನರ್ ಕೈಲಿ ಬೈಸಿಕೊಂಡೆ. ಕೊನೆಗೆ ಸೀರೆ ಅಂಗಡಿಯಿಂದ ತಂದ ತೆಳು ಪ್ಲಾಸ್ಟಿಕ್ ಕವರ್ ಹೊದಿಸಿ 40 ನಿಮಿಷ ಬಿಟ್ಟೆ. ಕಲೆ ಗಂಜಿ ಥರ ಬಂತು. ಗೋಡೆ ಮೇಲಿಂದ ಜಾರದಂತೆ ಗಟ್ಟಿ ಮಾಡೋಕೆ ಅಡುಗೆಮನೆಯದೇ ಒಂದು ಸಾಮಾನು ಸೇರಿಸ್ತೀನಿ, ಅದು ಇಲ್ಲಿ ಬೇಡ.

ಕೊನೇ ತೊಳೆತಕ್ಕೆ ಮಾತ್ರ ಬೋರ್ ನೀರು ತಾಗಿಸಲ್ಲ. ಮಂಟಪದ ಶೀಟ್ ಮೇಲಿನ ಮಳೆನೀರನ್ನ 2 ಸಿಂಟೆಕ್ಸ್‌ಗೆ ಹಿಡಿದಿದ್ದೀನಿ, ಪೈಪು ಡ್ರಮ್ಮು ಸೇರಿ 17 ಸಾವಿರ ಇರಬೇಕು. ತೊಳೆದು ವೈಪರ್ ಎಳೆದರೆ ಆಯ್ತು. ವಾರಕ್ಕೊಮ್ಮೆ ಉಜ್ಜುತ್ತಿದ್ದದ್ದು ಈಗ ತಿಂಗಳಿಗೊಮ್ಮೆ.

ಗೆದ್ದ ಉಮೇದಿನಲ್ಲಿ ಎಡವಟ್ಟೂ ಮಾಡಿಕೊಂಡೆ. ಇನ್ನೊಂದು ಕಡೆ ಅಡುಗೆಮನೆಯ ಕಡಪಾ ಕಲ್ಲಿಗೂ ಇದನ್ನೇ ಹಚ್ಚಿದೆ. ಕಡಪಾ ಸುಣ್ಣದ ಕಲ್ಲು ಅನ್ನೋದು ಆ ಕ್ಷಣಕ್ಕೆ ಮರೆತೇಹೋಗಿತ್ತು. ಕರೀ ಕಲ್ಲು ಬೂದಿ ಬಣ್ಣಕ್ಕೆ ತಿರುಗಿತು, ಪಾಲಿಶ್ ಮಾಡಿಸಿಕೊಡೋಕೆ 18 ಸಾವಿರ ಕೈಬಿಟ್ಟಿತು. ನಮ್ಮೂರ ಗ್ರಾನೈಟ್‌ಗೆ ಆ ತೊಂದರೆ ಕಂಡಿಲ್ಲ.

ಟೊಮೆಟೊ ರೇಟು ಬಿದ್ದ ವರ್ಷ ಎಪಿಎಂಸಿ ಹೊರಗೆ ಸುರಿದಿದ್ದ ಹಣ್ಣು ತಂದು ಬಯೋ ಎಂಜೈಮ್ ಕೂಡ ಮಾಡಿದ್ದೆ, ಹಣ್ಣು ಬೆಲ್ಲ ಹುಳಿ ಬರಿಸಿ ಮಾಡೋ ಕ್ಲೀನರ್. 1 ಪಾಲು ಬೆಲ್ಲ, 3 ಹಣ್ಣು, 10 ನೀರು, 90 ದಿನ. 60ನೇ ದಿನಕ್ಕೆ ಮುಚ್ಚಳ ಹಾರಿತು, ಪಕ್ಕದ ಮನೆಯವರು ಮಾತು ಬಿಟ್ಟರು. ಉಳಿದದ್ದು ಚರಂಡಿ ವಾಸನೆಗೆ ಪರವಾಗಿಲ್ಲ, ಕಲೆಗೆ ಪ್ರಯೋಜನ ಇಲ್ಲ.

ಇನ್ನು ದುಡ್ಡು. ನರಸಾಪುರದ ಒಂದು ಫ್ಯಾಕ್ಟರಿಗೆ ತಲೆ ಲೆಕ್ಕದಲ್ಲಿ 11 ಜನ ಕೊಡ್ತಿದ್ದೆ. ಒಬ್ಬರು ಬರದಿದ್ದರೆ ಕಡಿತ. ಬಿಲ್ಲು ಬರೋದು 90 ದಿನಕ್ಕೆ, 18% ಜಿಎಸ್‌ಟಿ ಮಾತ್ರ ಮುಂದಿನ ತಿಂಗಳ 20ಕ್ಕೆ ನಾನೇ ಕಟ್ಟಬೇಕು. ಬಡ್ಡಿ ಸಾಲ ತಂದು ಟ್ಯಾಕ್ಸ್ ಕಟ್ಟಿದ್ದೀನಿ. ಜನಾನೂ ನಿಲ್ಲಲ್ಲ, ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿದರೆ ಬೆಂಗಳೂರಲ್ಲಿ ಇನ್ನೂ 4 ಸಾವಿರ ಜಾಸ್ತಿ ಸಂಬಳ. ಆ ಕಂಟ್ರಾಕ್ಟ್ ಬಿಟ್ಟು ಚದರಡಿ ರೇಟಿಗೆ ಬಂದೆ. ಎಷ್ಟು ಜನ ಬಂದರು ಅಂತ ಯಾರೂ ಎಣಿಸೋ ಹಾಗಿಲ್ಲ, ನೆಲ ನೋಡಿ ದುಡ್ಡು ಕೊಡಬೇಕು.

ನೆಲ ಉಜ್ಜಿ ನೀರನ್ನೂ ಎಳೆದುಕೊಳ್ಳೋ ಸ್ಕ್ರಬ್ಬರ್ ಡ್ರೈಯರ್ ಮೆಷಿನ್ ಸೆಕೆಂಡ್ ಹ್ಯಾಂಡ್ 95 ಸಾವಿರಕ್ಕೆ ಸಿಕ್ಕಿತು, ಬ್ಯಾಟರಿಗೆ ಮತ್ತೆ 30 ಸಾವಿರ ಚಿಲ್ಲರೆ. ಅದಕ್ಕೂ ಮಳೆನೀರೇ, ಇಲ್ಲಾಂದ್ರೆ ರಬ್ಬರ್ ಹಾದಿಯಲ್ಲೆಲ್ಲ ಬಿಳಿ ಗೆರೆ. ಮೆಷಿನ್ ಕಲಿತ ಇಬ್ಬರು ಹೆಂಗಸರಿಗೆ 2,500 ಜಾಸ್ತಿ ಮಾಡಿದೆ, ಇವತ್ತಿಗೂ ಬಿಟ್ಟಿಲ್ಲ. ರೋಬೋ ಬರುತ್ತೆ ಅಂತಾರೆ, ಬರಲಿ. ಅದರ ಟ್ಯಾಂಕಿಗೂ ಯಾರಾದರೂ ನೀರು ತುಂಬಲೇಬೇಕು.

ಆಷಾಢದಲ್ಲಿ ಮದುವೆ ಇರಲ್ಲ, ಆಗ 22ನ್ನೂ ಸಾಲಾಗಿ ಹಿಡೀತೀನಿ. ನೋಡಬೇಕು ಅನ್ನೋರು ಬರಬಹುದು. ಡ್ರಮ್ ಕಲಸೋ ಹೊತ್ತಿಗೆ ಮಾತ್ರ ಬೇಡ.